ಮೂರನೇ ಸಲ ಕೇಳಲಿ ಅಂತ

ಅಜ್ಜಂಪುರ

"ನನ್ನನ್ನ ನಾನು ಹುಡುಕ್ಕೋಬೇಕಮ್ಮ. ಒಬ್ಳೇ ವಿಯೆಟ್ನಾಮಿಗೆ ಹೋಗಿ ಬತ್ತೀನಿ" ಅಂದಾಗ ಅಮ್ಮ ಒಗ್ಗರಣೆ ಸೌಟು ಹಿಡಿದುಕೊಂಡೇ ತಿರುಗಿ ನೋಡಿದಳು.

"ಇಲ್ಲೆಲ್ಲ ಸರಿಯಾಗಿ ನೋಡ್ಕೊಂಡ್ಯಾ?" ಅಂದಳು.

ಅಮ್ಮನದು ತಮಾಷೆಯಲ್ಲ. ನಮ್ಮ ಮನೆಯಲ್ಲಿ ಕನ್ನಡಕ ಕಳೆದರೂ ಬೀಗದ ಕೈ ಕಳೆದರೂ ಅವಳು ಕೇಳುವ ಪ್ರಶ್ನೆಯೇ ಅದು. ಆದರೆ ಇಪ್ಪತ್ತಾರು ವರ್ಷದ ನಾನು, ತರೀಕೆರೆಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವಳು, ಒಂಟಿಯಾಗಿ ತಿರುಗಾಡಿ ಬದುಕಿನ ಅರ್ಥ ಕಂಡುಕೊಂಡ ಹುಡುಗಿಯರ ವಿಡಿಯೋಗಳನ್ನು ತಿಂಗಳುಗಟ್ಟಲೆ ನೋಡಿದ್ದೆ. ಅವರೆಲ್ಲ ಬೆಟ್ಟದ ತುದಿಯಲ್ಲಿ ಕಣ್ಣು ಮುಚ್ಚಿ ನಿಂತಿರುತ್ತಿದ್ದರು. ಅಜ್ಜಂಪುರದಲ್ಲಿ ಹಾಗೆ ಕಣ್ಣು ಮುಚ್ಚಿ ನಿಂತರೆ ಯಾರಾದರೂ ಬಂದು "ಏನವ್ವಾ, ತಲೆ ಸುತ್ತು ಬಂತಾ?" ಅಂತ ಕೇಳುತ್ತಾರೆ. ಹೀಗಾಗಿ ಹೊರದೇಶವೇ ಸರಿ ಅನ್ನಿಸಿತು.

ಇದು ಊರಿಗೆಲ್ಲ ಹೇಳಿದ ಕಾರಣ. ನಿಜವಾದ ಕಾರಣ ಬೇರೆ ಇತ್ತು. ಅದನ್ನು ಹೇಳಬೇಕಾದರೆ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು.

ನಮ್ಮಲ್ಲಿ ಯಾರ ಮನೆಗೆ ಹೋದರೂ, ಕಾಫಿ ಕೊಡುತ್ತೀವಿ ಅಂದ ತಕ್ಷಣ "ಬೇಡ" ಅನ್ನಬೇಕು. ಅವರು "ಅಯ್ಯೋ, ಒಂದು ಲೋಟ ಕಣ್ರೀ" ಅನ್ನುತ್ತಾರೆ. ಆಗಲೂ "ಬೇಡ, ಈಗ ತಾನೇ ಆಯ್ತು" ಅನ್ನಬೇಕು. ಮೂರನೇ ಸಲ ಅವರು ಕೇಳುತ್ತಾರೆ, ಅಥವಾ ಲೋಟವನ್ನೇ ತಂದು ಕೈಗೆ ಕೊಡುತ್ತಾರೆ. ಆಗ "ತಂದೇಬಿಟ್ರಲ್ಲ" ಅಂತ ಒಂದಿಷ್ಟು ಬೇಜಾರು ತೋರಿಸಿ ಕೊನೇ ಹನಿಯವರೆಗೂ ಕುಡಿಯಬೇಕು. ಮೊದಲನೇ ಸಲಕ್ಕೇ ಹೂಂ ಅಂದವಳು ಬರಗೆಟ್ಟವಳು. ಮೂರನೇ ಸಲವೂ ಬೇಡ ಅಂದವಳಿಗೆ ಕೊಬ್ಬು. ಎರಡು ಬೇಡ, ಒಂದು ಹೂಂ. ಇದು ನನಗೆ ಮಗ್ಗಿಗಿಂತ ಮೊದಲು ಬಂದ ಲೆಕ್ಕ.

ಅಪ್ಪಾಜಿಯದು ಕೊಬ್ಬರಿ ವ್ಯಾಪಾರ. ಮನೆಯ ಹಿಂದೆ ಕೊಬ್ಬರಿ ಮನೆಯಿದೆ, ಅದರೊಳಗೆ ಅಡಿಕೆ ಮರ ಸೀಳಿದ ದಬ್ಬೆ ಹಾಸಿದ ಎತ್ತರದ ಅಟ್ಟ. ಸುಲಿಯದ ತೆಂಗಿನಕಾಯಿಗಳನ್ನು ಆ ಅಟ್ಟದ ಮೇಲೆ ಹನ್ನೊಂದು ತಿಂಗಳು ಸುಮ್ಮನೆ ಬಿಟ್ಟರೆ ಒಳಗಿನ ನೀರು ಆರಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು ಇಡೀ ಉಂಡೆಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಹಾಗಂದರೆ ಕೊಬ್ಬರಿ ಆಯಿತು ಅಂತ. ಗುಳಗುಳ ಅಂದರೆ ಇನ್ನೂ ನೀರಿದೆ, ವಾಪಸ್ ಅಟ್ಟಕ್ಕೆ. ಚಿಕ್ಕವಳಿದ್ದಾಗ ದಿನಗಟ್ಟಲೆ ಅಪ್ಪಾಜಿಯ ಪಕ್ಕ ಕೂತು ಕಾಯಿ ಅಲ್ಲಾಡಿಸುತ್ತಿದ್ದೆ. ಹೈಸ್ಕೂಲಿನಲ್ಲಿ ಯಾರೋ "ನಿನ್ನ ಮೈಯೆಲ್ಲ ಕೊಬ್ಬರಿ ವಾಸ್ನೆ ಕಣೇ" ಅಂದರು. ಅವತ್ತಿನಿಂದ ಆ ಕಡೆ ಹೋಗುವುದನ್ನು ಬಿಟ್ಟು, ಕೊಬ್ಬರಿ ಅಂದರೆ ಮೂಗು ಮುರಿಯುವುದನ್ನು ಕಲಿತೆ.

ಈ ವರ್ಷ ಅಪ್ಪಾಜಿಯ ಮಂಡಿ ಕೈಕೊಟ್ಟಿತು. ಒಂದು ಸಂಜೆ ಕಾಫಿ ಕುಡಿಯುತ್ತಾ, "ಚೇತು, ಇನ್ನು ನಂಗೆ ಏಣಿ ಹತ್ತಕ್ಕಾಗಲ್ಲ. ಕೊಬ್ರಿ ಮನೆ ನೀನೇ ನೋಡ್ಕೊತೀಯಾ?" ಅಂದರು. ಬಾಯಿ ತಾನಾಗಿ ಕಲಿತ ಪಾಠ ಒಪ್ಪಿಸಿತು: "ಬೇಡ ಅಪ್ಪಾಜಿ, ನಂಗ್ಯಾಕೆ." ಒಂದು ವಾರ ಬಿಟ್ಟು ಮತ್ತೆ ಕೇಳಿದರು. ನಾನು ಮತ್ತೆ ಬೇಡ ಅಂದೆ. "ಸರಿ ಹಂಗಾದ್ರೆ. ಕಡೂರಿನ ಕೊಬ್ರಿ ವ್ಯಾಪಾರದವ್ರು ಗುತ್ತಿಗೆಗೆ ಕೇಳ್ತಾವ್ರೆ, ತಿಂಗಳ ಕೊನೆಗೆ ಬತ್ತಾರೆ, ಕೊಟ್ಬಿಡ್ತೀನಿ" ಅಂದರು.

ಮೂರನೇ ಸಲಕ್ಕೆ ಕಾದೆ. ದಿನಾ ಸಂಜೆ ಕಾಫಿ ಹೊತ್ತಿಗೆ ಅವರ ಎದುರೇ ಕೂತೆ. ಅವರು ಹವಾಮಾನದ ಬಗ್ಗೆ ಮಾತಾಡಿದರು, ಮಂಡಿಗೆ ಹಚ್ಚುವ ಎಣ್ಣೆಯ ಬಗ್ಗೆ ಮಾತಾಡಿದರು. ಕೊಬ್ಬರಿ ಮನೆಯ ಸುದ್ದಿ ಎತ್ತಲಿಲ್ಲ. ನನಗೆ ಕೋಪ ಬಂತು. ಯಾರ ಮೇಲೆ ಕೋಪ ಅಂತ ಮಾತ್ರ ತಿಳಿಯಲಿಲ್ಲ. ಹಾಗೆ ತಿಳಿಯದಿದ್ದಾಗ ಈಗಿನ ಕಾಲದಲ್ಲಿ ಅದಕ್ಕೆ ಆತ್ಮಶೋಧನೆ ಅಂತ ಹೆಸರಿಟ್ಟು ಟಿಕೆಟ್ ತೆಗೆಸುತ್ತಾರೆ. ಬೇಸಿಗೆ ರಜೆ ಶುರುವಾದ ಮೂರನೇ ದಿನ ನಾನೂ ಹೊರಟೆ.

ಅಮ್ಮ ಅಂತರಘಟ್ಟಮ್ಮನಿಗೆ ಹಣ್ಣುಕಾಯಿ ಮಾಡಿಸಿ ಬಂದು, ಚೀಲದೊಳಗೆ ಚಟ್ನಿಪುಡಿ, ಅವಲಕ್ಕಿ, ಜೊತೆಗೊಂದು ಉಂಡೆ ಕೊಬ್ಬರಿ ತುರುಕಿದಳು. "ಬೇಡಮ್ಮ" ಅಂದೆ. ಅಮ್ಮ ನಾನು ಮುಂದೆ ಮಾತಾಡುವ ಮೊದಲೇ ಜಿಪ್ ಎಳೆದಳು.

ಸಾಯ್ಗಾನ್

ಸಾಯ್ಗಾನಿನಲ್ಲಿ ನಾನು ಮೊದಲು ಹುಡುಕಿದ್ದು ನನ್ನನ್ನಲ್ಲ, ರಸ್ತೆ ದಾಟುವ ಜಾಗವನ್ನು.

ಅಲ್ಲಿ ಬೈಕುಗಳು ಬರುವುದಿಲ್ಲ, ಹರಿಯುತ್ತವೆ. ಕೆರೆ ಕೋಡಿ ಬಿದ್ದ ಹಾಗೆ. ತರೀಕೆರೆ ಬಸ್ ಸ್ಟ್ಯಾಂಡಿನ ಮುಂದೆ ಕೈ ಅಡ್ಡ ಹಿಡಿದು, ಡ್ರೈವರನ್ನು ದುರುಗುಟ್ಟಿ ನೋಡಿ ದಾಟಿದ ಅನುಭವ ನನ್ನದು. ಇಲ್ಲಿ ಹೆಲ್ಮೆಟ್ಟು, ಮಾಸ್ಕು, ಕಪ್ಪು ಕನ್ನಡಕ. ದುರುಗುಟ್ಟಿ ನೋಡಲು ಒಂದು ಮುಖವೂ ಸಿಗಲಿಲ್ಲ. ಇಪ್ಪತ್ತು ನಿಮಿಷ ಫುಟ್‌ಪಾತಿನ ಅಂಚಿನಲ್ಲಿ ನಿಂತೆ. ಕೊನೆಗೆ ಎಂಬತ್ತರ ಆಸುಪಾಸಿನ ಒಬ್ಬ ಅಜ್ಜಿ, ಸೊಪ್ಪಿನ ಚೀಲ ಹಿಡಿದವಳು, ನನ್ನ ಮೊಣಕೈ ಹಿಡಿದು ನಿಧಾನಕ್ಕೆ ಆ ಪ್ರವಾಹದೊಳಗೆ ನಡೆಸಿದಳು. ಬೈಕುಗಳು ನಮ್ಮ ಎರಡೂ ಬದಿಗೆ ಸರಿದು ಹೋದವು. ಆಚೆ ದಡ ಮುಟ್ಟಿದಾಗ ಅವಳು ನನ್ನ ಕೆನ್ನೆ ತಟ್ಟಿ ಏನೋ ಅಂದಳು. ಅರ್ಥವಾಗಲಿಲ್ಲ. "ಪಾಪ" ಅಂದಿರಬೇಕು.

ಶುದ್ಧ ಸಸ್ಯಾಹಾರಿ ಹೋಟೆಲೊಂದನ್ನು ಮೊದಲೇ ಗುರುತು ಹಾಕಿಕೊಂಡಿದ್ದೆ. ಬಡಿಸುವ ಹುಡುಗಿ ಚಿತ್ರಗಳಿದ್ದ ಪಟ್ಟಿ ಮುಂದಿಟ್ಟು, ಯಾವುದು ಅಂತ ಬೆರಳು ತೋರಿಸಿದಳು. ನಾನು ಹುಟ್ಟಿದಾಗಿನಿಂದ ಹೇಳುತ್ತಾ ಬಂದಿದ್ದನ್ನೇ ಹೇಳಿದೆ: ಯಾವುದಾದರೂ ಆಗುತ್ತೆ. ಅವಳು ಕಾದಳು. ನಾನೂ ಮುಗುಳ್ನಗುತ್ತಾ ಕಾದೆ. ನಮ್ಮೂರಲ್ಲಾದರೆ ಇಷ್ಟು ಹೊತ್ತಿಗೆ "ಇಡ್ಲಿ ಬಿಸಿ ಇದಾವೆ, ಕೊಡ್ತೀನಿ ಇರಿ" ಅಂತ ಅವರೇ ತೀರ್ಮಾನ ಮಾಡಿರುತ್ತಿದ್ದರು. ಇವಳು ಪಟ್ಟಿಯನ್ನು ಇನ್ನೂ ಹತ್ತಿರ ತಳ್ಳಿದಳು. ಬೆವರು ಬಂತು. ಪಕ್ಕದ ಮೇಜಿನವರ ಬಟ್ಟಲಿನ ಕಡೆ ಕೈ ತೋರಿಸಿದೆ. ಅದು ಹಾಗಲಕಾಯಿ ಸಾರು. ಹೋಳು ಮಾಡದ ಇಡೀ ಹಾಗಲಕಾಯಿ, ಹೊಟ್ಟೆಯಲ್ಲಿ ತೋಫು ತುಂಬಿಕೊಂಡು ತೇಲುತ್ತಿತ್ತು. ಮನೆಯಲ್ಲಿ ಹಾಗಲಕಾಯಿ ಪಲ್ಯ ಮಾಡಿದ ದಿನ ನಾನು ಮೊಸರನ್ನ ತಿಂದು ಏಳುವವಳು. ಅಲ್ಲಿ ಮಾತ್ರ ಪೂರ್ತಿ ಮುಗಿಸಿದೆ, ಯಾಕೆಂದರೆ ಅವಳು ದೂರದಿಂದ ನೋಡುತ್ತಿದ್ದಳು.

ಆತ್ಮಶೋಧನೆಗೆಂದು ಒಂದು ದಪ್ಪ ನೋಟ್‌ಬುಕ್ ಒಯ್ದಿದ್ದೆ. ಮೊದಲ ಪುಟದಲ್ಲಿ 'ನಾನು ಯಾರು?' ಅಂತ ಬರೆದು ಅಡಿಗೆರೆ ಹಾಕಿದ್ದೆ. ಸಾಯ್ಗಾನಿನ ಎರಡು ದಿನದ ಕೊನೆಗೆ ಅದರ ಕೆಳಗೆ ಇದ್ದದ್ದು ಒಂದೇ ಸಾಲು: 'ಹಾಗಲಕಾಯಿ ತಿನ್ನುವವಳಲ್ಲ.'

ಬೆನ್ ತ್ರೆ, ಮೊದಲ ದಿನ

ಅಲ್ಲಿಂದ ಬೆನ್ ತ್ರೆ ಅನ್ನುವ ಊರಿಗೆ ಹೊರಟೆ. ಕಿರಿದಾದ ಕಾಲುವೆ, ಅದರೊಳಗೊಂದು ಪುಟ್ಟ ದೋಣಿ, ದೋಣಿಯ ಮೇಲೆ ಬಾಗಿದ ಹಸಿರು. ಫೋನಿನಲ್ಲಿ ಆ ಒಂದು ಚಿತ್ರ ನೋಡಿಯೇ ಮನಸೋತು ಮನೆಯೊಂದರಲ್ಲಿ ಕೋಣೆ ಗೊತ್ತು ಮಾಡಿದ್ದೆ.

ಬಸ್ಸಿನಲ್ಲಿ ಪಕ್ಕದ ಹೆಂಗಸು ಮಾವಿನಕಾಯಿಯ ಹೋಳೊಂದಕ್ಕೆ ಉಪ್ಪು ಖಾರ ಸವರಿ ನನ್ನ ಮುಂದೆ ಹಿಡಿದಳು. ಬಾಯಲ್ಲಿ ನೀರು ಬಂತು. ಕೈ ಅಲ್ಲಾಡಿಸಿ ಬೇಡ ಅಂದೆ. ಅವಳು ತಲೆಯಾಡಿಸಿ ತಾನೇ ತಿಂದಳು. ಇನ್ನೊಂದು ಹೋಳು ಹಚ್ಚಿದಾಗ ಆಸೆಯಿಂದ ನೋಡಿದೆ, ಅದನ್ನೂ ಅವಳೇ ತಿಂದಳು. ಇಡೀ ಕಾಯಿ ನನ್ನ ಕಣ್ಣೆದುರೇ ಮುಗಿದು ಗೊರಟು ಕಿಟಕಿಯಿಂದಾಚೆ ಹೋಯಿತು. ಆ ಗೊರಟಿನ ಹಿಂದೆಯೇ ಕಣ್ಣು ಹಾಯಿಸಿದಾಗ ಹೊರಗಿನ ನೋಟ ಸರಿಯಾಗಿ ಕಂಡಿತು.

ತೆಂಗಿನ ಮರಗಳು. ರಸ್ತೆಯ ಎಡಕ್ಕೆ, ಬಲಕ್ಕೆ, ಕಣ್ಣು ಹೋದಷ್ಟು ದೂರ. ಲಾರಿಯಲ್ಲಿ ತೆಂಗಿನಕಾಯಿ, ದೋಣಿಯಲ್ಲಿ ತೆಂಗಿನಕಾಯಿ, ಮನೆಗಳ ಮುಂದೆ ಗುಡ್ಡೆ ಗುಡ್ಡೆ ಮಟ್ಟೆ. ಫೋನ್ ತೆಗೆದು ನಾನು ಮನಸೋತ ಚಿತ್ರವನ್ನು ಮತ್ತೆ ನೋಡಿದೆ. ಆ ದೋಣಿಯ ಮೇಲೆ ಬಾಗಿದ ಹಸಿರೆಲ್ಲ ತೆಂಗೇ. ಕಡೂರು ಅಜ್ಜಂಪುರದ ಕಡೆಯವರಿಗೆ ಚಿತ್ರದಲ್ಲಿ ತೆಂಗಿನ ಮರ ಇದ್ದರೆ ಅದು ಲೆಕ್ಕಕ್ಕೇ ಬರುವುದಿಲ್ಲ, ಗೋಡೆಯ ಸುಣ್ಣ ಇದ್ದ ಹಾಗೆ. ಕೊಬ್ಬರಿ ಮನೆ ಬೇಡವೆಂದು ಸಮುದ್ರ ದಾಟಿ ಬಂದವಳು ವಿಯೆಟ್ನಾಮಿನ ಕೊಬ್ಬರಿ ಸೀಮೆಯನ್ನೇ ಹುಡುಕಿಕೊಂಡು ಬಂದಿದ್ದೆ.

ಮನೆಯ ಯಜಮಾನಿಯನ್ನು ಎಲ್ಲರೂ ಕೋ ನಾಮ್ ಅನ್ನುತ್ತಿದ್ದರು. ಐದನೇ ಅತ್ತೆ ಅಂತ ಅದರ ಅರ್ಥ. ಆ ಸೀಮೆಯಲ್ಲಿ ಹುಟ್ಟಿದ ಸಾಲಿನ ಪ್ರಕಾರ ಜನರನ್ನು ಅಂಕಿಯಿಂದಲೇ ಕರೆಯುತ್ತಾರೆ. ತೋಟದ ಕೆಲಸ ನೋಡಿಕೊಳ್ಳುವ ಅವರ ತಮ್ಮ ಚೂ ಬಾಯ್, ಏಳನೇ ಚಿಕ್ಕಪ್ಪ. ಫೋನಿಗೆ ಮಾತಾಡಿದರೆ ಅದು ತರ್ಜುಮೆ ಮಾಡಿ ಹೇಳುತ್ತಿತ್ತು, ನಮ್ಮ ಸಂಸಾರವೆಲ್ಲ ಅದರ ಮೇಲೇ ನಡೆಯಿತು. ನಾನು ಎಷ್ಟನೆಯವಳು ಅಂತ ಕೇಳಿದರು. ಒಬ್ಬಳೇ ಮಗಳು, ಮೊದಲನೆಯವಳು ಅಂದೆ. ಹಾಗಾದರೆ ನೀನು ಹಾಯ್, ಅಂದರೆ ಎರಡು, ಅಂದರು. ಅಲ್ಲಿ ಎಲ್ಲರ ಮನೆಯಲ್ಲೂ ಮೊದಲ ಮಗು ಎರಡನೆಯದೇ. ಒಂದನ್ನು ಯಾರಿಗೂ ಕೊಡುವುದಿಲ್ಲ. ನನ್ನನ್ನು ನಾನು ಹುಡುಕಲು ಬಂದವಳಿಗೆ ಮೊದಲ ದಿನವೇ ಒಂದು ಸ್ಥಾನ ಹಿಂಬಡ್ತಿ ಸಿಕ್ಕಿತು.

ಆಮೇಲೆ ಕೋ ನಾಮ್ ಕೇಳಿದ ಪ್ರಶ್ನೆಯನ್ನು ಫೋನು ಹೇಳಿದಾಗ ನನಗೆ ಅಳು ಬರುವಷ್ಟು ಸಂತೋಷವಾಯಿತು: "ಊಟ ಆಯ್ತಾ?"

ಅಜ್ಜಂಪುರದಿಂದ ಹೊರಟಾಗಿನಿಂದ ಯಾರೂ ಕೇಳಿರಲಿಲ್ಲ. ಎದುರು ಸಿಕ್ಕವರನ್ನು ಮಾತಾಡಿಸುವಾಗ ನಮ್ಮ ಹಾಗೆಯೇ ಅವರೂ ಅದನ್ನೇ ಕೇಳುತ್ತಾರಂತೆ. ಬೆಳಿಗ್ಗೆಯಿಂದ ನಾನು ಏನೂ ತಿಂದಿರಲಿಲ್ಲ, ಅಡಿಗೆಮನೆಯಿಂದ ಬೆಳ್ಳುಳ್ಳಿ ಹುರಿದ ವಾಸನೆ ಬರುತ್ತಿತ್ತು. ಸ್ವಂತ ಊರಿನವರೇ ಸಿಕ್ಕ ಹಾಗಾಗಿ, ಸ್ವಂತ ಊರಿನ ಉತ್ತರವನ್ನೇ ಕೊಟ್ಟೆ. "ಆಯ್ತು."

ಕೋ ನಾಮ್ ತೃಪ್ತಿಯಿಂದ ನಕ್ಕು ಅಡಿಗೆಮನೆಗೆ ಹೋಗಿ ಪಾತ್ರೆಗಳಿಗೆ ಮುಚ್ಚಳ ಹಾಕಿದರು. ಒಂದೊಂದು ಮುಚ್ಚಳದ ಸದ್ದೂ ನನಗೆ ಕೇಳಿಸಿತು. ಆ ಮಧ್ಯಾಹ್ನ ಕೋಣೆಯ ಬಾಗಿಲು ಹಾಕಿಕೊಂಡು ಒಣ ಅವಲಕ್ಕಿಗೆ ಚಟ್ನಿಪುಡಿ ಕಲಸಿ ತಿಂದೆ, ಯಾರಿಗೂ ಅಗಿಯುವ ಸದ್ದು ಕೇಳಬಾರದೆಂದು ನಿಧಾನಕ್ಕೆ.

ಬೆನ್ ತ್ರೆ, ಮೂರನೇ ದಿನ

ಎರಡನೇ ದಿನ ಸೈಕಲ್ಲಿನಿಂದ ಕಾಲುವೆಯ ಕೆಸರಿಗೆ ಬಿದ್ದೆ. ಅದರಲ್ಲಿ ಹೇಳುವಂಥದ್ದೇನೂ ಇಲ್ಲ, ಯಾರೂ ನೋಡಲಿಲ್ಲ ಅಂತ ಎದ್ದು ತಿರುಗಿದರೆ ಒಂದು ಹಿಂಡು ಬಾತುಕೋಳಿ ನೋಡುತ್ತಿತ್ತು.

ಮೂರನೇ ದಿನ ಬೆಳಿಗ್ಗೆ ಚೂ ಬಾಯ್ ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದರು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ, ಮೂರು ಸಲ ತಿರುಚಿದರೆ ಮಟ್ಟೆ ಬೇರೆ ಕಾಯಿ ಬೇರೆ. ನಮ್ಮ ಹಿತ್ತಿಲಲ್ಲಿ ಇರುವುದೂ ಅಂಥದ್ದೇ ಮೊನೆ. ಸುಲಿದ ಕಾಯಿಯನ್ನು ಆರಿಸಿ ಎರಡು ಗುಡ್ಡೆ ಮಾಡಬೇಕಿತ್ತು, ಆರಿಸುವ ಹೆಂಗಸು ಅವತ್ತು ಬಂದಿರಲಿಲ್ಲ. ನಾನು ಮಾಡಲಾ ಅಂತ ಕೈಸನ್ನೆ ಮಾಡಿದೆ. ಚೂ ಬಾಯ್ ಅನುಮಾನದಿಂದಲೇ ಹೂಂ ಅಂದರು. ಪ್ರವಾಸಿಗಳು ಒಂದು ಫೋಟೋ ತೆಗೆಸಿಕೊಂಡು ಎದ್ದು ಹೋಗುತ್ತಾರೆ ಅಂದುಕೊಂಡಿರಬೇಕು.

ಕಾಯಿ ಎತ್ತಿ ಕಿವಿಗೆ ಹಿಡಿದೆ. ಅಲ್ಲಾಡಿಸಿದೆ. ಗುಳಗುಳ. ಎಡಕ್ಕೆ. ಇನ್ನೊಂದು, ಗುಳಗುಳ, ಎಡಕ್ಕೆ. ಮತ್ತೊಂದರಲ್ಲಿ ನೀರಿನ ಸದ್ದೇ ಇಲ್ಲ, ಬಲಕ್ಕೆ. ಕೈ ತಾನಾಗಿ ಓಡಿತು. ಹನ್ನೆರಡು ವರ್ಷದಿಂದ ಮುಟ್ಟದ ಕೆಲಸ ಮರೆತೇ ಇರಲಿಲ್ಲ. ಫೋನು ನೋಡಲಿಲ್ಲ, ನೋಟ್‌ಬುಕ್ ನೆನಪಾಗಲಿಲ್ಲ. ಬಿಸಿಲು ಮೆಟ್ಟಿಲಿನಿಂದ ಅಂಗಳದ ನಡುವಿಗೆ ಬರುವವರೆಗೂ ಅಲ್ಲಾಡಿಸಿದೆ. ತರಗತಿಯಲ್ಲಿ ನಲವತ್ತು ನಿಮಿಷದ ಪಾಠಕ್ಕೆ ನಾಲ್ಕು ಸಲ ಗಡಿಯಾರ ನೋಡುವವಳು ನಾನು.

ಮುಗಿಸಿ, ಬಲಗಡೆಯ ಗುಡ್ಡೆಯನ್ನು ಹೆಮ್ಮೆಯಿಂದ ತೋರಿಸಿದೆ. ಚೂ ಬಾಯ್ ಒಂದು ಕಾಯಿ ಎತ್ತಿ ಅಲ್ಲಾಡಿಸಿದರು. ಇನ್ನೊಂದನ್ನು ಎತ್ತಿದರು. ಅಕ್ಕನನ್ನು ಕೂಗಿದರು. ಇಬ್ಬರೂ ನಿಂತು ನನ್ನ ಗುಡ್ಡೆ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಕೋ ನಾಮ್ ನೆಲದ ಮೇಲೆ ಕೂತುಬಿಟ್ಟು ಕಣ್ಣಲ್ಲಿ ನೀರು ಬರುವಂತೆ ನಕ್ಕರು.

ಅವರಿಗೆ ಬೇಕಾದದ್ದು ನೀರು ತುಂಬಿದ ಹಸಿ ಕಾಯಿ. ಅದೇ ದಿನ ಒಡೆದು, ತಿರುಳು ಹಿಂಡಿ ಹಾಲು ತೆಗೆಯುವವರು ಅವರು. ನೀರಿನ ಸದ್ದು ಮಾಡದ ಕಾಯಿ ಅಂದರೆ ಕೆಟ್ಟ ಕಾಯಿ. ನಾನು ಅರ್ಧ ದಿನ ಕೂತು, ಬಿಸಾಡಬೇಕಾದ್ದನ್ನೆಲ್ಲ ಬಹಳ ಜೋಪಾನವಾಗಿ ಒಳ್ಳೇ ಗುಡ್ಡೆಗೆ ಹಾಕಿದ್ದೆ, ಒಳ್ಳೆಯದೆಲ್ಲ ಬಿಸಿಲಲ್ಲಿ ಕಾದಿತ್ತು.

ಇಂಗು ತಿಂದ ಮಂಗನ ಹಾಗೆ ನಿಂತೆ. ನಾನು ಪೂರ್ತಿ ದಡ್ಡಿಯಲ್ಲ ಅಂತ ತೋರಿಸಬೇಕಿತ್ತು, ಓಡಿ ಹೋಗಿ ಅಮ್ಮ ಕೊಟ್ಟ ಉಂಡೆ ಕೊಬ್ಬರಿ ತಂದೆ. ಚೂ ಬಾಯ್ ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಹುಟ್ಟಿದಾಗಿನಿಂದ ತೆಂಗಿನಲ್ಲೇ ಬದುಕಿದವರು, ಇಡಿಯಾಗಿ ಚಿಪ್ಪು ಬಿಟ್ಟು ಬಂದ ಉಂಡೆಯನ್ನು ಕಂಡೇ ಇರಲಿಲ್ಲ. ಚಿಪ್ಪಿನೊಳಗಿಂದ ಹೀಗೆ ಹೇಗೆ ಬಂತು ಅಂದರು. ಶುರುಮಾಡಿದೆ ನೋಡಿ. ಅಟ್ಟ ಎಷ್ಟೆತ್ತರ, ದಬ್ಬೆಗಳ ನಡುವೆ ಎಷ್ಟು ಸಂದು, ಗಾಳಿ ಯಾವ ಕಡೆಯಿಂದ ಆಡಬೇಕು, ಮಳೆಗಾಲದಲ್ಲಿ ಅಡಿಯಲ್ಲಿ ಹೊಗೆ ಯಾಕೆ ಹಾಕಬೇಕು, ಹನ್ನೊಂದು ತಿಂಗಳು ಯಾಕೆ ಯಾರೂ ಮುಟ್ಟಬಾರದು. ನೆಲದ ಮೇಲೆ ಕಡ್ಡಿಯಿಂದ ಅಟ್ಟದ ಚಿತ್ರ ಬರೆದೆ. ಇದೆಲ್ಲ ನನಗೆ ಗೊತ್ತಿದೆ ಅಂತ ನನಗೇ ಗೊತ್ತಿರಲಿಲ್ಲ.

ಚೂ ಬಾಯ್ ಫೋನಿಗೆ ಮೆಲ್ಲಗೆ ಏನೋ ಹೇಳಿದರು. ಫೋನು ಕೇಳಿತು: "ತಂದೆಯ ನಂತರ ಇದನ್ನು ಯಾರು ಮಾಡುತ್ತಾರೆ?"

"ಕಡೂರಿನವರು" ಅಂದೆ. ಕಡೂರಿನವರು ಒಳ್ಳೆಯವರೇ, ಅವರ ಮೇಲೆ ನನಗೇನೂ ಇಲ್ಲ. ಆದರೆ ಅವರ ಮನೆಯ ಯಾರೋ ನಮ್ಮ ಏಣಿ ಹತ್ತಿ, ನಮ್ಮ ಅಟ್ಟದ ಕಾಯಿಯನ್ನು ಕಿವಿಗೆ ಹಿಡಿಯುವುದು ಕಣ್ಣಿಗೆ ಕಟ್ಟಿತು. ಕೋಪ ಯಾರ ಮೇಲೆ ಅಂತ ಆಗ ತಿಳಿಯಿತು. ಅದು ನನ್ನ ಮೇಲೆಯೇ ಇತ್ತು. ಕೊಬ್ಬರಿ ಮನೆ ನನಗೆ ಬೇಕಿತ್ತು, ಮೊದಲ ಸಲ ಕೇಳಿದಾಗಲೇ ಬೇಕಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವಳ ಗಾದೆಯನ್ನು ನಾನೇ ಮಕ್ಕಳಿಗೆ ಹೇಳಿಕೊಡುತ್ತೇನೆ.

ಬೆನ್ ತ್ರೆ, ಹೊರಡುವ ದಿನ

ಮಧ್ಯಾಹ್ನ ಬಸ್ಸಿತ್ತು. ಕೋ ನಾಮ್ ನನಗಾಗಿ ಬೇರೆ ಪಾತ್ರೆಯಲ್ಲಿ, ಮೀನಿನ ಸಾಸು ತಾಕಿಸದೆ, ತೆಂಗಿನ ಹಾಲಿನಲ್ಲಿ ಬೇಯಿಸಿದ ಹಲಸಿನಕಾಯಿ ಮಾಡಿದ್ದರು. ಬಟ್ಟಲು ಖಾಲಿಯಾದಾಗ ಸೌಟು ಎತ್ತಿ ಇನ್ನಷ್ಟು ಬೇಕಾ ಅನ್ನುವಂತೆ ನೋಡಿದರು.

ಬೇಡ ಅನ್ನುವುದು ತುಟಿಯವರೆಗೂ ಬಂತು. ಬಸ್ಸಿನಲ್ಲಿ ಹೋದ ಮಾವಿನಕಾಯಿ ನೆನಪಾಯಿತು. ಬಟ್ಟಲನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದು "ಬೇಕು" ಅಂದೆ, ಕನ್ನಡದಲ್ಲೇ. ಮೈಯೆಲ್ಲ ನಾಚಿಕೆಯಿಂದ ಬಿಸಿಯಾಯಿತು. ಆಕಾಶವೇನೂ ಕಳಚಿ ಬೀಳಲಿಲ್ಲ. ಅವರು ಬಡಿಸಿದರು, ನಾನು ತಿಂದೆ.

ಕೈ ತೊಳೆದು, ಸುಲಿದ ಮಟ್ಟೆಗಳ ಗುಡ್ಡೆಯ ಪಕ್ಕ ನಿಂತು ಮನೆಗೆ ಫೋನ್ ಮಾಡಿದೆ. ಕಡೂರಿನವರು ಬರಲು ಇನ್ನು ಎರಡೇ ದಿನ. ಅಪ್ಪಾಜಿಯೇ ಎತ್ತಿಕೊಂಡರು.

"ಊಟ ಆಯ್ತಾ?" ಅಂದರು.

"ಆಯ್ತು. ನಿಜವಾಗ್ಲೂ ಆಯ್ತು. ಅಪ್ಪಾಜಿ, ಕೊಬ್ರಿ ಮನೆ ನಂಗೆ ಬೇಕು."

ಆ ಕಡೆ ಲೋಟ ಕೆಳಗಿಟ್ಟ ಸದ್ದು ಕೇಳಿತು.

"ಬೇಡ ಅಂದಿದ್ಯಲ್ಲೇ, ಎರಡು ಸಲ?"

"ಅದು ಮರ್ಯಾದೆಗೆ ಅಂದಿದ್ದು ಅಪ್ಪಾಜಿ. ನೀವು ಮೂರನೇ ಸಲ ಕೇಳ್ತೀರಾ ಅಂತ ಕಾಯ್ತಿದ್ದೆ."

ಅಪ್ಪಾಜಿ ಕೆಮ್ಮಿದರು. ಆಮೇಲೆ ಸಣ್ಣ ದನಿಯಲ್ಲಿ ಅಂದರು, "ನಾನೂ ಮರ್ಯಾದೆಗೇ ಕೇಳಿದ್ದು ಕಣೇ ಚೇತು. ಇರೋ ಒಬ್ಳು ಮಗಳನ್ನ ಒಂದು ಮಾತು ಕೇಳ್ದೆ ಕೊಟ್ರೆ ಚೆನ್ನಾಗಿರಲ್ಲ ಅಂತ. ಓದಿರೋಳು ನೀನು, ಒಪ್ಪಲ್ಲ ಅಂತ್ಲೇ ಅಂದ್ಕೊಂಡಿದ್ದೆ."

ನನ್ನ ಕಾಲ ಕೆಳಗಿನ ಮಟ್ಟೆ ಜಾರಿದ ಹಾಗಾಯಿತು. ಆ ಕಾಫಿ ಯಾವತ್ತೂ ನನಗೆಂದು ಕಾಸಿದ್ದೇ ಅಲ್ಲ. ಮೂರನೇ ಸಲ ಅನ್ನುವುದು ಬರುವುದೇ ಇರಲಿಲ್ಲ, ನಾನು ವರ್ಷವಿಡೀ ಎದುರು ಕೂತಿದ್ದರೂ. ಇಲ್ಲಿಗೆ ಬಿಟ್ಟುಬಿಡೋಣ, ಪರವಾಗಿಲ್ಲ ಬಿಡಿ ಅಪ್ಪಾಜಿ ಅನ್ನೋಣ ಅನ್ನಿಸಿತು. ಹಾಗನ್ನುವುದು ನನಗೆ ಬಹಳ ಸುಲಭ.

"ಆದ್ರೂ ಬೇಕು" ಅಂದೆ.

ದೂರದಲ್ಲಿ ಅಮ್ಮ "ಯಾರೂ? ಅವಳಾ? ಸಿಕ್ಕಿದ್ಳಂತಾ?" ಅಂತ ಕೇಳಿದ್ದು ಕೇಳಿಸಿತು.

"ಕಡೂರಿನವ್ರಿಗೆ ಏನಂತ ಹೇಳ್ಲಿ?" ಅಂದರು ಅಪ್ಪಾಜಿ.

"ಬೇಡ ಅನ್ನಿ. ಅವ್ರು ಎಷ್ಟು ಸಲ ಕೇಳಿದ್ರೂ ಬೇಡ ಅನ್ನಿ."

ಅವರು ಮಂಡಿ ಹಿಡಿದುಕೊಂಡು ಕುರ್ಚಿಯಿಂದ ಏಳುವಾಗ ಮಾಡುವ ಸದ್ದು ಕೇಳಿತು. ಹಿತ್ತಿಲ ಬಾಗಿಲಿನ ಚಿಲಕ ತೆಗೆದ ಸದ್ದು ಕೇಳಿತು. ಆಮೇಲೆ ಅಪ್ಪಾಜಿ, ಸಂತೆಯಲ್ಲಿ ಸಿಕ್ಕ ಇನ್ನೊಬ್ಬ ವ್ಯಾಪಾರಿಯನ್ನು ಕೇಳುವ ದನಿಯಲ್ಲಿ, ನನ್ನ ಜೊತೆ ಎಂದೂ ಆಡದ ದನಿಯಲ್ಲಿ ಕೇಳಿದರು.

"ಅಲ್ಲಿ ಕಾಯಿ ಹೆಂಗವೆ?"

ಬಗ್ಗಿ ಪಕ್ಕದಲ್ಲಿದ್ದ ಸುಲಿದ ಕಾಯಿಯೊಂದನ್ನು ಎತ್ತಿಕೊಂಡು ಕಿವಿಗೆ ಹಿಡಿದೆ.

"ದಪ್ಪ ಅವೆ ಅಪ್ಪಾಜಿ" ಅಂದೆ. "ಆದ್ರೆ ಸುಲಿದ್ಬಿಡ್ತಾರೆ, ನಮ್ಮ ಅಟ್ಟಕ್ಕೆ ಬರಲ್ಲ."